ಪುಕ್ಕಟೆ ಸ್ಯಾಕ್ಸೋಫೋನ್

ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವ ಕಮಿಟಿಯವರು ಮೊನ್ನೆ ಲಿಫ್ಟ್ ಹತ್ತಿರ ಹಿಡಿದುಕೊಂಡರು. ವಿಸರ್ಜನೆ ದಿನ ನಮ್ಮ ಬ್ಯಾಂಡ್ ನುಡಿಸಬೇಕಂತೆ. "ಪ್ರತಿ ವರ್ಷ ಮಂಗಳೂರು ಕಡೆಯ ಸ್ಯಾಕ್ಸೋಫೋನ್ ಸೆಟ್ ಕರೆಸ್ತಿದ್ವಿ. ಈ ಸಲ 25 ಸಾವಿರ ಕೇಳ್ತಿದ್ದಾರೆ. ನೀವೇ ಇದ್ದೀರಲ್ಲ ಸರ್, ಪ್ಯಾಶನ್‌ಗೆ ನುಡಿಸೋರು!" ಹೊಗಳಿಕೆ ಅಂತಲೇ ಹೇಳಿದ್ದು ಪಾಪ. ನನಗೆ ಉರಿಯಿತು.

ನಾನು ಬಂಟ್ವಾಳ ತಾಲೂಕಿನ ಹಳ್ಳಿಯವನು. ಬಿಇ ಮುಗಿಸಿ ಬೆಂಗಳೂರಿಗೆ ಬಂದು ವಾರವಿಡೀ ಕೋಡ್ ಬರೆಯುತ್ತೇನೆ. ಭಾನುವಾರ ಬೆಳಗ್ಗೆ ಒಂದು ಹವ್ಯಾಸಿ ಬಿಗ್ ಬ್ಯಾಂಡಿನಲ್ಲಿ ಸೆಕೆಂಡ್ ಆಲ್ಟೋ ಸ್ಯಾಕ್ಸೋಫೋನ್. ಬಿಗ್ ಬ್ಯಾಂಡ್ ಅಂದರೆ ಸಾಮಾನ್ಯವಾಗಿ 17 ಜನ: ಐದು ಸ್ಯಾಕ್ಸೋಫೋನು, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಜೊತೆಗೆ ಪಿಯಾನೋ, ಗಿಟಾರು, ಬೇಸ್, ಡ್ರಮ್ಸ್. ನಾವಿರೋದು 12. ಟ್ರೊಂಬೋನ್ ಒಂದೇ, ಅವರಿಗೆ ಆನ್‌ಕಾಲ್ ಬಿದ್ದರೆ ಅದೂ ಇಲ್ಲ. ಸೆಕೆಂಡ್ ಆಲ್ಟೋಗೆ ಬಹುಪಾಲು ಮುಖ್ಯ ಟ್ಯೂನ್ ಸಿಗಲ್ಲ, ಅದರ ಕೆಳಗಿನ ಸ್ವರಗಳು. ನಾನೊಬ್ಬನೇ ಊದಿದರೆ ಯಾವ ಹಾಡು ಅಂತ ಹೆಂಡತಿಗೂ ಗೊತ್ತಾಗಲ್ಲ. ಆದರೆ ಐದೂ ಜನ ಒಟ್ಟಿಗೆ ಉಸಿರೆಳೆದು ಊದಿದಾಗ ಎದೆಗೂಡು ನಡುಗುತ್ತದಲ್ಲ, ಅದಕ್ಕಾಗಿ ಮೂರು ವರ್ಷದಿಂದ ಭಾನುವಾರದ ನಿದ್ದೆ ಬಿಟ್ಟಿದ್ದೇನೆ.

ಹವ್ಯಾಸದ ಮೇಲೆ ನನ್ನ ತಕರಾರಿಲ್ಲ. ನಮ್ಮ ಪುಕ್ಕಟೆಯನ್ನು ಇನ್ನೊಬ್ಬರ ಅನ್ನದ ಮೇಲೆ ಎತ್ತಿಕಟ್ಟೋದರ ಮೇಲಿದೆ.

ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು ಕದ್ರಿ ಗೋಪಾಲನಾಥ್ ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ನಾಗಸ್ವರ ನುಡಿಸುವವರ ಮಗ ಅವರು. ಅದರಲ್ಲಿ ಗಮಕ ಹಿಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೂ ಹೋದರು. 2019ರಲ್ಲಿ ಅವರು ತೀರಿಕೊಂಡಾಗ ನಾವೆಲ್ಲ 'ನಮ್ಮ ಊರಿನವರು' ಅಂತ ಸ್ಟೇಟಸ್ ಹಾಕಿದೆವು. ನಮ್ಮ ಕಡೆ ದೇವಸ್ಥಾನದ ಉತ್ಸವದಲ್ಲಿ, ಮದುವೆ ಹಾಲ್‌ನ ಬಾಗಿಲಲ್ಲಿ ಅದೇ ವಾದ್ಯ ಹಿಡಿದು ನಿಲ್ಲುವವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರು ಬರೀ 'ವಾದ್ಯದವರು'.

ನಾನೇನು ಸಾಚಾ ಅಲ್ಲ. ಅಕ್ಕನ ಮದುವೆಯಲ್ಲಿ, ಆಗಷ್ಟೇ ಸಂಬಳ ಬರತೊಡಗಿದ ಜೋರಿನಲ್ಲಿ, "ಸಂಜೆಗೆ ಡಿಜೆ ಸಾಕು" ಅಂತ ಸೆಟ್‌ನವರನ್ನು ಮಧ್ಯಾಹ್ನಕ್ಕೇ ಕಳಿಸಿ ಮಾತಾಡಿದ ದುಡ್ಡಿನಲ್ಲೂ ಮುರಿದುಕೊಂಡೆ. ಬೆಳಗ್ಗಿನಿಂದ ಊದಿ ಊದಿ ಅವರ ತುಟಿ ಬಾತಿತ್ತು. ಊಟಕ್ಕೆ ಕೂತದ್ದು ಕೊನೆಯ ಪಂಕ್ತಿಯಲ್ಲಿ, ಪಾಯಸ ಮುಗಿದ ಮೇಲೆ. ಸ್ವಂತ ಆಲ್ಟೋ ಕೊಂಡು, ಒಂದು ಸ್ವರವನ್ನು ಹತ್ತು ಸೆಕೆಂಡ್ ಅಲುಗದೆ ಹಿಡಿಯಲು ಒದ್ದಾಡಿದಾಗಲೇ ನಾನು ಯಾರ ದುಡ್ಡು ಹಿಡಿದೆ ಅಂತ ಗೊತ್ತಾಗಿದ್ದು ಮಾರಾಯ್ರೆ.

"ಮಾರ್ಕೆಟ್ ಸರ್, ಏನು ಮಾಡೋಕಾಗುತ್ತೆ?" ಅಂದರು ಕಮಿಟಿಯ ಖಜಾಂಚಿ. ಯಾರೋ ಪ್ಯಾಶನ್‌ಗೆ ಬಂದು ಖಜಾಂಚಿಯವರ ಸ್ಪ್ರಿಂಟ್ ಮುಗಿಸಿಕೊಟ್ಟರೆ ಅವರ ಅಪ್ರೈಸಲ್ ಕಥೆ ಏನು? ಓಪನ್ ಸೋರ್ಸ್ ಇಲ್ವಾ ಅಂತೀರಿ. ಅದನ್ನು ಪುಕ್ಕಟೆ ಬರೆಯೋರಲ್ಲೂ ಹೆಚ್ಚಿನವರಿಗೆ ಸಂಬಳ ಬೇರೆ ಕಡೆಯಿಂದ ಬರುತ್ತಿರುತ್ತದೆ, ನನ್ನ ಹಾಗೆ.

ತಮಾಷೆ ಅಂದರೆ, ಈ ಬಿಗ್ ಬ್ಯಾಂಡ್ ಬೆಳೆದದ್ದೇ ಅಮೆರಿಕದ ಡ್ಯಾನ್ಸ್ ಹಾಲ್‌ಗಳಲ್ಲಿ ಸಂಬಳಕ್ಕೆ ನುಡಿಸುತ್ತಿದ್ದವರಿಂದ. ರೆಕಾರ್ಡ್ ಹಾಕಿಯೇ ಜನರನ್ನು ಕುಣಿಸಿದರೆ ನಮ್ಮ ಕೆಲಸ ಹೋಗುತ್ತೆ, ಆ ದುಡ್ಡಿನಲ್ಲಿ ಪಾಲು ಕೊಡಿ ಅಂತ ಅವರ ಯೂನಿಯನ್ 1942ರ ಆಗಸ್ಟಿನಲ್ಲಿ ರೆಕಾರ್ಡಿಂಗನ್ನೇ ನಿಲ್ಲಿಸಿತು. ಕೊನೆಯ ದೊಡ್ಡ ಕಂಪನಿಗಳು ಬಗ್ಗಿದ್ದು 1944ರಲ್ಲಿ. ಅವರ ಸಂಗೀತವನ್ನೇ ನುಡಿಸುತ್ತಾ ನಾವು ಇನ್ನೊಬ್ಬ ವಾದ್ಯಗಾರನ ಕೆಲಸ ಕೀಳುವುದಾ?

ಕಮಿಟಿಗೆ ಬರೆದು ಹಾಕಿದೆ: ಸೆಟ್‌ನವರನ್ನೇ ಕರೆಸಿ, ಕೇಳಿದಷ್ಟು ಕೊಡಿ, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ. ನಾವು ಬೇರೊಂದು ದಿನ ಕ್ಲಬ್‌ಹೌಸಿನಲ್ಲಿ ನುಡಿಸ್ತೀವಿ, ಇಷ್ಟ ಇದ್ದವರು ಬನ್ನಿ.

ಬ್ಯಾಂಡಿನ ಗ್ರೂಪಿನಲ್ಲಿ ದೊಡ್ಡ ಜಗಳ. "ಸಿಕ್ಕಿದ ಒಂದು ಸ್ಟೇಜ್ ತಪ್ಪಿಸಿದೆ" ಅಂತ ಟ್ರಂಪೆಟ್ ಗೆಳೆಯ ಮಾತು ಬಿಟ್ಟಿದ್ದಾನೆ. ಖಜಾಂಚಿ ನಿನ್ನೆ ಫೋನ್ ಮಾಡಿ, ನಿಮ್ಮ ಊರಿನವರೇ ಅಲ್ವಾ, 20ಕ್ಕೆ ಒಪ್ಪಿಸ್ತೀರಾ ಅಂತ ಕೇಳಿದರು. 25 ಅಂದರೆ 25 ಅಂದೆ. ಇನ್ನೂ ಉತ್ತರ ಬಂದಿಲ್ಲ.