ನೀರು ನೀಲಿಯಾಗಿದ್ದರೆ ಸಾಕೇ?

ಗೋಣಿಕೊಪ್ಪದ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಬಡಾವಣೆಯ ಎಂಟು ಮನೆಗಳಿಗೂ ಸೇರಿ ಒಂದು ಈಜುಕೊಳ. ಮಳೆ ಹಿಡಿದ ಮೇಲೆ ನೀರು ಹಸಿರಾಗಿದೆ, ಇಳಿದ ಮಕ್ಕಳಿಗೆ ಕಣ್ಣುರಿ. “ಹೇಳಿದರೆ ನೆರೆಯವರಿಗೆ ಕೋಪ, ಹೇಳದಿದ್ದರೆ ನನಗೆ ಹೆದರಿಕೆ. ಏನು ಮಾಡಲಿ?” ಎಂದು ಕೇಳಿದ್ದಾರೆ.

ಹೇಳಲೇಬೇಕು, ಸೋದರಿ. ಆದರೆ ದೂರಿನಂತೆ ಬೇಡ, ಲೆಕ್ಕ ಕೇಳಿದಂತೆ ಹೇಳಿ. “ನಿಮ್ಮ ಮಕ್ಕಳು ನೀರು ಕೆಡಿಸಿದರು” ಅಂದರೆ ಜಗಳ. “ಇವತ್ತು ಕ್ಲೋರಿನ್ ಎಷ್ಟಿದೆ?” ಅಂದರೆ ಯಾರೂ ಮುಖ ಗಂಟಿಕ್ಕಲಾರರು.

ಕಣ್ಣುರಿಗೆ ಕ್ಲೋರಿನ್ ಹೆಚ್ಚಾದದ್ದೇ ಕಾರಣವೆಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಹಾಗಲ್ಲ. ಬೆವರು, ಮೂತ್ರಗಳೊಂದಿಗೆ ಬೆರೆತ ಕ್ಲೋರಿನ್ನೇ ಕಣ್ಣು ಉರಿಸುವುದು, ಮೂಗಿಗೆ ಘಾಟು ಬಡಿಯುವುದು. ಹಾಗಾದಾಗ ಕ್ರಿಮಿ ಕೊಲ್ಲಲು ಉಳಿದ ಕ್ಲೋರಿನ್ ಕಡಿಮೆ. ಕಕ್ಕಡದ ಮಳೆ ಸುರಿದರೆ ಇದ್ದದ್ದೂ ತೆಳುವಾಗುತ್ತದೆ. ಪರೀಕ್ಷೆಯ ಪೆಟ್ಟಿಗೆ ತರಿಸಿ, ನೀರಿಗೆ ಹನಿ ಹಾಕಿ, ಬಣ್ಣವನ್ನು ಪಟ್ಟಿಗೆ ಹೋಲಿಸಿ ನೋಡಿ. ಕ್ಲೋರಿನ್ 1ರಿಂದ 3 ಪಿ.ಪಿ.ಎಂ., ಪಿ.ಎಚ್. 7.2ರಿಂದ 7.8 ಇರಲಿ. ಕ್ಲೋರಿನ್ನನ್ನೂ ಆಸಿಡ್ಡನ್ನೂ ಮಾತ್ರ ಒಟ್ಟಿಗೆ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಇದು ಬರೀ ನೆಗಡಿ, ಕಜ್ಜಿಯ ಮಾತಲ್ಲ. ನಮ್ಮ ಗಡಿಯಾಚೆ ಕೇರಳದಲ್ಲಿ 2024ರಲ್ಲಿ ಮಿದುಳಿಗೆ ಏರುವ ಅಮೀಬಾದಿಂದ ಮಕ್ಕಳು ತೀರಿಕೊಂಡರು. ಅದು ಕುಡಿದ ನೀರಿನಿಂದ ಬರುವುದಿಲ್ಲ, ಮೂಗಿನೊಳಗೆ ಹೋದ ನೀರಿನಿಂದ ಬರುತ್ತದೆ. ಕ್ಲೋರಿನ್ ಸರಿಯಾಗಿದ್ದಲ್ಲಿ ಅದು ಬದುಕದು. ಭೇದಿಯಾಗುತ್ತಿರುವ ಮಗುವನ್ನಂತೂ ಕೊಳಕ್ಕೆ ಬಿಡಲೇಬೇಡಿ. ಆ ಕ್ರಿಮಿಗಳಲ್ಲಿ ಕೆಲವು ಕ್ಲೋರಿನ್ನಿಗೂ ದಿನಗಟ್ಟಲೆ ಜಗ್ಗುವುದಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಶತ್ರು ಕರೆಂಟು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ವರ್ತೂರಿನ ವಸತಿ ಸಮುಚ್ಚಯವೊಂದರ ಈಜುಕೊಳದ ಬಳಿ ಬಾಲಕಿಯೊಬ್ಬಳು ಸತ್ತಳು. ವಿದ್ಯುತ್ ತಗುಲಿದ್ದೇ ಕಾರಣವೆಂದು ತನಿಖೆಯಲ್ಲಿ ಹೊರಬಿತ್ತು. ತಿಂಗಳುಗಟ್ಟಲೆ ಗೋಡೆ ಒಣಗದ ನಮ್ಮ ಊರಲ್ಲಿ ಪಂಪು, ದೀಪ, ಅರ್ಥಿಂಗ್‌ಗಳನ್ನು ಮಳೆಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟು ಸೋರಿದೊಡನೆ ಕಡಿಯುವ ಸ್ವಿಚ್ ಇದೆಯೇ ಎಂದು ಕೇಳಿ.

ಮೂರನೆಯದು ಕಾವಲು. 2024ರ ನವೆಂಬರಿನಲ್ಲಿ ಮಂಗಳೂರಿನ ಹತ್ತಿರ ಉಚ್ಚಿಲದ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿದರು. ಅವರು ಚಿಕ್ಕ ಮಕ್ಕಳಲ್ಲ, ನೆನಪಿಡಿ. ಆಳ ಎಲ್ಲಿ ಶುರುವಾಗುತ್ತದೆಂದು ದಪ್ಪ ಅಕ್ಷರದಲ್ಲಿ ಬರೆಸಿ. ದೊಡ್ಡವರೊಬ್ಬರು ದಡದಲ್ಲಿ ಬೇರೆ ಕೆಲಸವಿಲ್ಲದೆ ಕೂತಿರಲಿ. ತಳದ ಜಾಲರಿ ಮೇಲಿನಿಂದ ಕಾಣದಿದ್ದರೆ ಯಾರೂ ಇಳಿಯಕೂಡದು. ಹಸಿರು ನೀರಿನಲ್ಲಿ ಮುಳುಗಿದ ಮಗು ಕಾಣುವುದಿಲ್ಲ.

ಹೀಗೆ ಮಾಡಿ, ಸೋದರಿ. ಇವತ್ತೇ ಕೊಳಕ್ಕೆ ಬೀಗ ಹಾಕಿಸಿ. ಭಾನುವಾರ ಎಂಟು ಮನೆಯವರನ್ನೂ ಕಾಫಿಗೆ ಕರೆಯಿರಿ. ಒಂದು ನೋಟ್‌ಬುಕ್ ಇಡಿ: ತಾರೀಕು, ಕ್ಲೋರಿನ್, ಪಿ.ಎಚ್., ನೋಡಿದವರ ಸಹಿ. ವಾರಕ್ಕೊಂದು ಮನೆಯ ಪಾಳಿ, ಖರ್ಚು ಎಂಟು ಪಾಲು. ಅಂದಿನ ಅಂಕಿ ಸರಿಯಿಲ್ಲದಿದ್ದರೆ ಬೀಗ ತೆರೆಯುವ ಹಾಗಿಲ್ಲ. ಆಗ ಬೇಡ ಅನ್ನುವುದು ನೀವಲ್ಲ, ನೋಟ್‌ಬುಕ್ಕು. ನೆರೆಯವರ ಸ್ನೇಹವೂ ಉಳಿಯುತ್ತದೆ, ಮಕ್ಕಳೂ ಕ್ಷೇಮ.