ಸಾಲ ಕೊಟ್ಟ ಲೆಕ್ಕ ಇದೆ, ಸಂಪಾದನೆಯ ಲೆಕ್ಕ?

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಆಸುಪಾಸಿನಲ್ಲಿ ಹಣ್ಣು, ತರಕಾರಿ ಮಾರುವವರಿಗೆ 2020ರ ಜೂನ್‌ನಲ್ಲಿ ಒಂದು ಹೊಸ ಬಾಗಿಲು ತೆರೆಯಿತು. ಬೀದಿ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂ ಸ್ವನಿಧಿ ಸಾಲ ಯೋಜನೆಯಲ್ಲಿ ಅಡಮಾನವಿಲ್ಲದೆ ಮೊದಲು 10,000 ರೂಪಾಯಿ; ತೀರಿಸಿದರೆ 20,000, ಮತ್ತೆ 50,000. ಈಚೆಗೆ ಮೊದಲೆರಡು ಹಂತಗಳ ಸಾಲದ ಮೊತ್ತ ಇನ್ನೂ ಏರಿದೆ.

ಇಂಥ ಯೋಜನೆಯ ಯಶಸ್ಸನ್ನು ಅಳೆಯುವುದು ಹೇಗೆ? ಎಷ್ಟು ಸಾಲ ಹಂಚಲಾಯಿತು, ಎಷ್ಟು ಮರಳಿ ಬಂತು ಎಂಬ ಅಂಕಿಗಳಷ್ಟೇ ಸಾಕಾಗುವುದಿಲ್ಲ.

ಅಳೆಯುವ ದಾರಿಗೆ ಒಂದು ಉದಾಹರಣೆ ಇದೆ. ಹೈದರಾಬಾದಿನಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 104 ಬಡಾವಣೆಗಳನ್ನು ಆಯ್ದು, ಚೀಟಿ ಎತ್ತಿದಂತೆ 52ರಲ್ಲಿ ಮಾತ್ರ ಕಿರುಸಾಲ ಸಂಸ್ಥೆಯ ಶಾಖೆ ತೆರೆಯುವಂತೆ ಮಾಡಿದರು. ಮೊದಲೇ ವ್ಯಾಪಾರವಿದ್ದವರು ಬಂಡವಾಳ ಹೆಚ್ಚಿಸಿದರು. ಆದರೆ ಮನೆಖರ್ಚಿನ ಸರಾಸರಿ ಗಮನಾರ್ಹವಾಗಿ ಏರಲಿಲ್ಲ. ಹೋಲಿಕೆಗೆ ಉಳಿದ 52 ಬಡಾವಣೆಗಳು ಇಲ್ಲದಿದ್ದರೆ ಈ ಸತ್ಯ ಗೊತ್ತಾಗುತ್ತಲೇ ಇರಲಿಲ್ಲ.

ಪಾಠ ಕಲಿಯಲು ಕರಾವಳಿಯವರು ಅಷ್ಟು ದೂರವೂ ಹೋಗಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಎಂಬ ಸ್ವಉದ್ಯೋಗ ಸಂಸ್ಥೆ ತರಬೇತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ; ಕಲಿತವರು ಉದ್ಯೋಗ ಹಿಡಿದರೇ ಎಂದು ಬೆನ್ನುಹತ್ತಿ ನೋಡಿತು. ಆ ಮಾದರಿ ಈಗ ದೇಶದ ಜಿಲ್ಲೆಜಿಲ್ಲೆಗೂ ಹಬ್ಬಿದೆ.

ಬೀದಿ ವ್ಯಾಪಾರಿಗೂ ಅಂಥದೇ ಬೆಂಬಲ ಬೇಕು. ಸಾಲ ಪಡೆದವರ ದಿನದ ಲಾಭವನ್ನು ಪಡೆಯದವರ ಲಾಭದೊಡನೆ ವರ್ಷವೊಂದರ ಬಳಿಕ ಹೋಲಿಸಲಿ. ಜೊತೆಗೆ, ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಹೇಳುವಂತೆ ವ್ಯಾಪಾರ ವಲಯ ಗುರುತಿಸುವ ಕೆಲಸ ಎಲ್ಲಿಗೆ ಬಂತೆಂದು ಪಾಲಿಕೆ ವಾರ್ಡುವಾರು ಪ್ರಕಟಿಸಲಿ. ಸಾಲದಿಂದ ಕೊಂಡ ಗಾಡಿಯನ್ನು ತೆರವು ಕಾರ್ಯಾಚರಣೆ ಎತ್ತಿಕೊಂಡು ಹೋದರೆ, ಉಳಿಯುವುದು ಕಂತು ಮಾತ್ರ.