ಓಟಿಪಿ ಹೇಳು ಯಪ್ಪಾ

ಸ್ಟ್ಯಾಂಡಪ್ ಮೀಟಿಂಗ್ ನಡೆದಿತ್ತು, ಅವ್ವನ ಫೋನು. 'ಯಪ್ಪಾ, ನಿನ್ನ ಫೋನಿಗಿ ನಂಬರ್ ಬಂದದಂತ, ಲಗೂ ಹೇಳು. ಆಶಾದಾಕಿ ಬಿಸಿಲಾಗ ನಿಂತಾಳ.' ಆರು ಅಂಕಿ ಹೇಳಿ ಮೀಟಿಂಗಿಗೆ ವಾಪಸ್ ಬಂದೆ. ಅಫಜಲಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ಅವ್ವನ 14 ಅಂಕಿಯ ಆರೋಗ್ಯ ಖಾತೆ, ಅದೇ 'ಆಭಾ', ತೆರೆದದ್ದು ಹೀಗೆ. ಸಮ್ಮತಿ ಕೊಟ್ಟವನು ನಾನು, ಬೆಂಗಳೂರಿನಿಂದ, ಒಂದಕ್ಷರ ಓದದೆ.

ಆಳಂದ, ಜೇವರ್ಗಿಯಲ್ಲೂ ಇದೇ ಕತೆ. ದುಡಿಯೋರು ಪುಣೆ, ಮುಂಬೈ, ಬೆಂಗಳೂರು ಸೇರಿದ್ದಾರೆ. ಆಧಾರ್‌ಗೆ ಜೋಡಿಸಿದ ಸಿಮ್ಮೂ ಅವರ ಜೊತೆ ಹೋಗಿದೆ.

ನಾನು ಟೆಲಿಮೆಡಿಸಿನ್ ವಿರೋಧಿ ಅಲ್ಲ. ಬಿಪಿ ಗುಳಿಗೆ ಮುಂದುವರಿಸಬೇಕಾ ಅಂತ ಕೇಳೋಕೆ ಕೂಲಿ ಬಿಟ್ಟು ಕಲಬುರಗಿ ಬಸ್ ಹತ್ತೋದಕ್ಕಿಂತ, ಉಪಕೇಂದ್ರದಲ್ಲೇ ಕೂತು ಇ-ಸಂಜೀವನಿಯಲ್ಲಿ ಡಾಕ್ಟರ್ ಹತ್ರ ಮಾತಾಡೋದು ಎಷ್ಟೋ ಮೇಲು. ಆದರೆ ಡಾಕ್ಟರು ಬರೆದ ಗುಳಿಗೆ ಅಲ್ಲಿನ ಕಪಾಟಿನಲ್ಲಿ ಇರಬೇಕಲ್ಲ? ನಮಗೆ ಹೆಮ್ಮೆಯಿಂದ ತೋರಿಸುವುದು ಎಷ್ಟು ಕೋಟಿ ಸಮಾಲೋಚನೆ ಆಯಿತು ಅನ್ನೋ ಲೆಕ್ಕ.

ಇನ್ನು ಡೇಟಾ. 2021ರಲ್ಲಿ ದೇಶಕ್ಕೆಲ್ಲ ತಂದ ಡಿಜಿಟಲ್ ಆರೋಗ್ಯ ಮಿಷನ್ ಕಾಗದದ ಮೇಲೆ ಚೆನ್ನಾಗೇ ಇದೆ, ಎಂಜಿನಿಯರಾಗಿ ಒಪ್ತೀನಿ: ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ, ರೋಗಿ ಹೂಂ ಅಂದರೆ ಮಾತ್ರ ಹಂಚಿಕೆ. ಆಭಾ ಕಡ್ಡಾಯವೂ ಅಲ್ಲ. ಆದರೆ 2023ರ ಡೇಟಾ ಕಾಯ್ದೆ, ಸೌಲಭ್ಯ ಕೊಡುವ ನೆಪದಲ್ಲಿ ಸರ್ಕಾರಕ್ಕೆ ಸಮ್ಮತಿಯ ವಿಷಯದಲ್ಲಿ ದೊಡ್ಡ ವಿನಾಯಿತಿ ಇಟ್ಟಿದೆ. 'ಬ್ಯಾಡ ಅನ್ನಬಹುದಿತ್ತು' ಅಂದೆ ಅವ್ವನಿಗೆ. 'ಬ್ಯಾಡ ಅಂದ್ರ ಗುಳಿಗಿ ಕೊಡ್ತಾರೇನು?' ಅಂದಳು. ಕೊಡಲೇಬೇಕು. ಅದನ್ನು ಅವಳಿಗೆ ಹೇಳಿದವರು ಯಾರೂ ಇಲ್ಲ, ಮಗನೂ ಹೇಳಿರಲಿಲ್ಲ.

ಆ ಬಿಸಿಲಲ್ಲಿ ನಿಂತವಳ ಮೇಲೆ ನನಗೆ ಸಿಟ್ಟಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದರಲ್ಲ, ಮಾಡಿದ ಕೆಲಸಕ್ಕೂ ಪೋರ್ಟಲ್ ತೋರಿಸುವ ಪ್ರೋತ್ಸಾಹಧನಕ್ಕೂ ತಾಳೆಯಾಗಲ್ಲ ಅನ್ನೋದು ಅವರ ದೂರುಗಳಲ್ಲೊಂದು. ನಮ್ಮ ಆಫೀಸಿನಲ್ಲಿ ಅದು ಸಿಂಕ್ ಎರರ್, ಮುಂದಿನ ಸ್ಪ್ರಿಂಟಿಗೆ ತಳ್ಳಿದರಾಯ್ತು. ಅವರ ಮನೆಯಲ್ಲಿ ಅದು ತಿಂಗಳ ರೇಷನ್ನು. ನಾವಾದರೋ ಆ ಧರಣಿಯನ್ನು ಟ್ರಾಫಿಕ್ ಸುದ್ದಿಯಾಗಿ ಓದಿದೆವು!

ಕೇಳೋದು ದೊಡ್ಡದೇನಲ್ಲ. ಸಮ್ಮತಿ ಪತ್ರವನ್ನು ನಮ್ಮ ಕಡೆ ಮಾತಿನಲ್ಲಿ ಓದಿ ಹೇಳುವ ಧ್ವನಿ ಇರಲಿ. ನೆಟ್‌ವರ್ಕ್ ಇಲ್ಲದಾಗಲೂ ದಾಖಲಿಸಿಕೊಂಡು, ಆಮೇಲೆ ಕಳಿಸುವ ಆಪ್ ಇರಲಿ. ಒಲ್ಲೆ ಅಂದವರಿಗೂ ಗುಳಿಗೆ ಸಿಗುತ್ತದೆ ಅಂತ ಉಪಕೇಂದ್ರದ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಲಿ. ಕೊನೆಯದಕ್ಕೆ ಕೋಡೂ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು.